ಒಂದು ದಿನದ ಕಥೆ, ನೋಡಲು 36 ಗಂಟೆ: ಚಾಂಗಾನ್ ಸೀರಿಯಲ್ ಗೆಲ್ಲುವುದೆಲ್ಲಿ, ಸೋಲುವುದೆಲ್ಲಿ?

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. 'ದಿ ಲಾಂಗೆಸ್ಟ್ ಡೇ ಇನ್ ಚಾಂಗಾನ್' ಅನ್ನೋ ಚೀನೀ ಸೀರಿಯಲ್‌ನಲ್ಲಿ 48 ಕಂತುಗಳಿವೆ. ಒಂದೊಂದು ಕಂತು ಹೆಚ್ಚುಕಮ್ಮಿ 45 ನಿಮಿಷ. ಕೂಡಿಸಿದರೆ 36 ಗಂಟೆ. ಆದರೆ ಕಥೆ ನಡೆಯುವುದು ಬರೀ 24 ಗಂಟೆಯಲ್ಲಿ! ಕಥೆಯೊಳಗೆ ಓಡಾಡುವವರಿಗಿಂತ ಕೂತು ನೋಡುವ ನಮಗೇ ಅರ್ಧ ದಿನ ಜಾಸ್ತಿ ಬೇಕು. ಅಷ್ಟು ಎಳೆಯುವ ಅಗತ್ಯ ಇತ್ತಾ?

ನನ್ನ ಪ್ರಕಾರ, ಆ ಊರೇ ಕಥೆಯನ್ನು ಓಡಿಸುವ ತನಕ ಒಂದು ನಿಮಿಷವೂ ಜಾಸ್ತಿ ಅನ್ನಿಸುವುದಿಲ್ಲ. ಊರನ್ನು ಬಿಟ್ಟು ಅರಮನೆಯ ಒಳಜಗಳಕ್ಕೆ ಇಳಿದಾಗ ಕಾಲು ಭಾರವಾಗುತ್ತದೆ. ಯಾಕೆ ಅಂತ ನೋಡೋಣ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. 2019ರ ಜೂನ್‌ನಲ್ಲಿ ಯೂಕು ಎಂಬ ಚೀನೀ ವಿಡಿಯೋ ವೇದಿಕೆಯಲ್ಲಿ ಬಂದ ಸೀರಿಯಲ್ ಇದು. ಮಾ ಬೋಯುಂಗ್ ಅವರ ಕಾದಂಬರಿ, ತ್ಸಾವ್ ದುನ್ ಅವರ ನಿರ್ದೇಶನ. ಕಾಲ ಕ್ರಿ.ಶ. 744, ತಾಂಗ್ ವಂಶದ ಆಳ್ವಿಕೆ. ಹೊಸ ವರ್ಷದ ದೀಪೋತ್ಸವದ ದಿನ ರಾಜಧಾನಿಯನ್ನು ಸುಟ್ಟುಹಾಕಲು ಒಂದು ಗುಂಪು ಒಳಗೆ ನುಸುಳಿದೆ. ಅವರನ್ನು ಹಿಡಿಯಲು ಲಿ ಬಿ ಎಂಬ ಹರೆಯದ ಅಧಿಕಾರಿ, ಮರಣದಂಡನೆಗೆ ಕಾಯುತ್ತಿರುವ ಕೈದಿಯೊಬ್ಬನನ್ನು ಹೊರಗೆ ಬಿಡಿಸುತ್ತಾನೆ. ಅವನೇ ಜಾಂಗ್ ಶಿಯಾವ್‌ಜಿಂಗ್, ಹಿಂದೆ ಅದೇ ಊರಿನಲ್ಲಿ ಕಳ್ಳರನ್ನು ಹಿಡಿಯುತ್ತಿದ್ದವನು. ಲೇ ಜಿಯಾಯಿನ್ ಈ ಪಾತ್ರ ಮಾಡಿದ್ದಾರೆ, ಲಿ ಬಿ ಆಗಿ ಜಾಕ್ಸನ್ ಯೀ ಇದ್ದಾರೆ.

[ತೆರೆಯ ಮೇಲೆ: ಚಾಂಗಾನ್ ನಗರದ ನಕ್ಷೆ]

ಈಗ ಊರಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಲೇಬೇಕು. ಚಾಂಗಾನ್ ಅಂದರೆ ಇವತ್ತಿನ ಶಿಯಾನ್. ನಮ್ಮ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದ ಹ್ಯೂಯೆನ್ ತ್ಸಾಂಗ್ ಗೊತ್ತಲ್ಲ, ಭಾರತದಿಂದ ಆತ 645ರಲ್ಲಿ ವಾಪಸ್ ಹೋಗಿದ್ದು ಇದೇ ಊರಿಗೆ. ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 9.7 ಕಿಲೋಮೀಟರ್, ಉತ್ತರದಿಂದ ದಕ್ಷಿಣಕ್ಕೆ 8.6. ನಟ್ಟನಡುವಿನ ರಾಜಬೀದಿಯ ಅಗಲವೇ ಸುಮಾರು 150 ಮೀಟರ್. ಇಡೀ ಊರು ನೂರೆಂಟು ಕೇರಿಗಳಾಗಿ ಭಾಗವಾಗಿತ್ತು. ಒಂದೊಂದು ಕೇರಿಗೂ ಅದರದೇ ಗೋಡೆ, ಅದರದೇ ಬಾಗಿಲುಗಳು. ಬೈ ಜುಯಿ ಎಂಬ ತಾಂಗ್ ಕಾಲದ ಕವಿ ಎತ್ತರದಿಂದ ಈ ಊರನ್ನು ನೋಡಿ, ಬೀದಿಗಳು ತರಕಾರಿ ಮಡಿಗಳ ಹಾಗಿವೆ ಅಂದಿದ್ದಾನೆ. ಅಷ್ಟು ನೆಟ್ಟಗೆ ಗೆರೆ ಎಳೆದ ಊರು.

ಸಂಜೆ ನಗಾರಿ ಬಾರಿಸಿದರೆ ಕೇರಿಗಳ ಬಾಗಿಲು ಬಂದ್. ಆಮೇಲೆ ದೊಡ್ಡ ಬೀದಿಯಲ್ಲಿ ಸುಮ್ನೆ ಓಡಾಡಿ ಸಿಕ್ಕಿಬಿದ್ದವರಿಗೆ 20 ಛಡಿ ಏಟು. ಇದು ಕಥೆಗೆ ಕಟ್ಟಿದ್ದಲ್ಲ, ತಾಂಗ್ ಕಾನೂನಿನಲ್ಲೇ ಇತ್ತು. ಈಗ ತಲೆಮರೆಸಿಕೊಂಡವನ ಪಾಡು ಯೋಚಿಸಿ. ಹಗಲಲ್ಲಿ ಪ್ರತಿ ಬಾಗಿಲಲ್ಲೂ ಕಾವಲು. ಕತ್ತಲಾದ ಮೇಲೆ ಎಲ್ಲಿದ್ದಾನೋ ಆ ಕೇರಿಯೊಳಗೇ ಲಾಕ್. ಇಂಥ ಊರಿನಲ್ಲಿ ಕಳ್ಳನನ್ನು ಹಿಡಿಯುವುದು ಸುಲಭ ಅಲ್ವಾ?

ಆದರೆ ದೀಪೋತ್ಸವದ ರಾತ್ರಿಗಳಲ್ಲಿ ಮಾತ್ರ ಈ ಕಟ್ಟುಪಾಡು ಇರಲಿಲ್ಲ. ಬಾಗಿಲುಗಳೆಲ್ಲ ತೆರೆದೇ ಇರುತ್ತಿದ್ದವು. ಊರಿಗೆ ಊರೇ ಬೀದಿಗೆ ಬರುತ್ತಿತ್ತು. ಅದಕ್ಕೇ ಈ ಕಥೆ ಬೇರೆ ಯಾವ ದಿನದಲ್ಲೂ ನಡೆಯುವಂತಿಲ್ಲ. ಸೂರ್ಯ ಮುಳುಗುವುದರೊಳಗೆ ಹಿಡಿಯದಿದ್ದರೆ, ಊರಿನ ಗೋಡೆಗಳು ಪೊಲೀಸರ ಕೈಬಿಡುತ್ತವೆ. ಬಿಸಿಲು ಇಳಿಯುತ್ತಿರುವ ಒಂದೊಂದು ದೃಶ್ಯದಲ್ಲೂ ಎದೆ ಢವಢವ ಅನ್ನುವುದು ಇದರಿಂದಲೇ. ಒಬ್ಬ ಲೇಖಕ ಚರಿತ್ರೆಯನ್ನು ಇಷ್ಟು ಚೆನ್ನಾಗಿ ಕಥೆಗೆ ಬಳಸಿಕೊಂಡಿದ್ದು ನೋಡಿ ನನಗೆ ನಿಜಕ್ಕೂ ಖುಷಿಯಾಯಿತು.

ಊರಿನ ತುಂಬ ಕಾವಲು ಗೋಪುರಗಳೂ ಇವೆ. ಒಂದು ಗೋಪುರ ಸನ್ನೆ ಕೊಟ್ಟರೆ ಪಕ್ಕದ್ದು ಅದನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ. ಜಾಂಗ್ ಕೆಳಗೆ ಬೀದಿಯಲ್ಲಿ ಓಡುತ್ತಿದ್ದರೆ, ಸುದ್ದಿ ಅವನಿಗಿಂತ ಮೊದಲೇ ಸೂರುಗಳ ಮೇಲಿಂದ ಓಡಿರುತ್ತದೆ. ಅತ್ತ ಲಿ ಬಿ ಇಡೀ ಊರಿನ ಮಾದರಿಯ ಮುಂದೆ ನಿಂತು ಆಜ್ಞೆ ಕೊಡುತ್ತಿರುತ್ತಾನೆ. ಗಡಿಯಲ್ಲಿ ಬೆಂಕಿ ಹಚ್ಚಿ ಸುದ್ದಿ ಕಳಿಸುವ ಗೋಪುರಗಳು ತಾಂಗ್ ಕಾಲದಲ್ಲಿ ನಿಜವಾಗಿಯೂ ಇದ್ದವು. ಊರಿನೊಳಗಿನ ಈ ಗೋಪುರಗಳ ಜಾಲ ಮಾತ್ರ ಲೇಖಕರ ಕಲ್ಪನೆ. ಜಾಂಗ್ ಕೂಡ ಹಿಂದೆ ದೂರದ ಗಡಿಯಲ್ಲಿ ಕಾದಾಡಿದ ಸೈನಿಕನೇ ಆದ್ದರಿಂದ ಈ ಕಲ್ಪನೆ ಕಥೆಗೆ ಗಟ್ಟಿಯಾಗಿ ಅಂಟಿಕೊಂಡಿದೆ.

[ತೆರೆಯ ಮೇಲೆ: ಕೈಗಳ ಹತ್ತಿರದ ನೋಟ]

ಪಾತ್ರಗಳು ವಂದನೆ ಮಾಡುವ ರೀತಿಯನ್ನು ಒಮ್ಮೆ ಗಮನಿಸಿ. ಎಡಗೈ ಬಲಗೈಯ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಬಲಗೈಯ ಉಳಿದ ನಾಲ್ಕು ಬೆರಳು ನೇರ. ಎಡಗೈ ಕಿರುಬೆರಳು ಬಲ ಮಣಿಕಟ್ಟಿನ ಕಡೆಗೆ. ಹಳೆಯ ಚಿತ್ರಗಳಲ್ಲಿ, ಬರಹಗಳಲ್ಲಿ ಉಳಿದಿದ್ದ ಭಂಗಿ ಇದು. ಯಾರೂ ಇದನ್ನು ಬಾಯಿಬಿಟ್ಟು ವಿವರಿಸುವುದಿಲ್ಲ. ಸುಮ್ಮನೆ ಮಾಡುತ್ತಾ ಹೋಗುತ್ತಾರೆ. ಅದಕ್ಕೇ ಆ ಕಾಲ ನಂಬುವಂತಿದೆ.

ಇನ್ನು ಕೊರತೆಗಳು. ಕೊನೆಯ ಗುಟ್ಟು ಹೇಳುತ್ತಿದ್ದೇನೆ, ಇನ್ನೂ ನೋಡದವರು ಮುಂದಿನ ಒಂದು ನಿಮಿಷ ದಾಟಿಸಿ.

ದಾಳಿಯನ್ನು ನಡೆಸುವವನು ಲಾಂಗ್ ಬೋ. ಅವನು ಜಾಂಗ್‌ನ ಹಳೆಯ ಸಂಗಾತಿ. ಗಡಿಯ ಕೋಟೆಯಲ್ಲಿ ಇಬ್ಬರೂ ಜೊತೆಯಾಗಿ ಸಾವನ್ನು ಗೆದ್ದು ಬಂದವರು. ಯಾವ ರಾಜ್ಯಕ್ಕಾಗಿ ರಕ್ತ ಸುರಿಸಿದನೋ ಅದೇ ರಾಜ್ಯ ಅವನನ್ನು ಕೈಬಿಟ್ಟಿದೆ. ಅವನ ಸಿಟ್ಟು ನಮಗೆ ಅರ್ಥವಾಗುತ್ತದೆ. ಕಥೆ ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅವನ ಹಿಂದೆಯೂ ಒಬ್ಬನಿದ್ದ ಅಂತ ಆಮೇಲೆ ಗೊತ್ತಾಗುತ್ತದೆ. ಅವನು ಶು ಬಿನ್, ರಾಶಿ ರಾಶಿ ಕಡತಗಳನ್ನು ಜಾಲಾಡಿ ಸುಳಿವು ಹುಡುಕಿಕೊಡುತ್ತಿದ್ದ ಗುಮಾಸ್ತ. ತನ್ನ ಪ್ರತಿಭೆಗೆ ಬೆಲೆ ಸಿಗಲಿಲ್ಲ, ದೊಡ್ಡ ಅಧಿಕಾರ ಸಿಕ್ಕಿದ್ದರೆ ರಾಜ್ಯವನ್ನೇ ಸರಿ ಮಾಡುತ್ತಿದ್ದೆ ಎಂಬುದು ಅವನ ವಾದ. ಕಡತದ ಗುಮಾಸ್ತನೇ ಎಲ್ಲ ನಡೆಸಿದ್ದು ಅನ್ನುವ ಯೋಚನೆ ಒಳ್ಳೆಯದೇ. ಅದಕ್ಕೆ ತಕ್ಕ ತಯಾರಿ ಮೊದಲಿಂದ ಇಲ್ಲ. ಲಾಂಗ್ ಬೋ ಮುಂದೆ ಇವನ ನೋವು ತೀರಾ ತೆಳು.

ಸಮಯ ಮೀರುತ್ತಿದೆ, ಉಳಿದದ್ದನ್ನು ಒಟ್ಟಿಗೇ ಹೇಳುತ್ತೇನೆ. ಹಬ್ಬಕ್ಕೆಂದು ಕಟ್ಟಿದ ದೊಡ್ಡ ದೀಪಗೋಪುರದ ಅಬ್ಬರ ಮುಗಿದ ಮೇಲಿನ ಕಂತುಗಳು ನಿಧಾನ, ಓಟದ ಮಧ್ಯೆ ಬರುವ ಹಳೆಯ ನೆನಪುಗಳು ವೇಗ ತಗ್ಗಿಸುತ್ತವೆ. ತಾನ್ ಚಿ ಎಂಬ ಜಾಣ ಹೆಣ್ಣುಮಗಳಿಗೆ ಸಿಗಬೇಕಾದಷ್ಟು ಕೆಲಸ ಸಿಕ್ಕಿಲ್ಲ. ಊರಿಗೆ ನುಗ್ಗುವ ತುರ್ಕರನ್ನು ಬರೀ ಕ್ರೂರಿಗಳಾಗಿ ತೋರಿಸಿದ್ದಾರೆ. 744ರಲ್ಲೇ ಚೀನಾದ ಉತ್ತರದ ಹುಲ್ಲುಗಾವಲಿನ ಅವರ ರಾಜ್ಯ ಕುಸಿದು ಉಯ್ಗುರರು ಎಂಬ ಇನ್ನೊಂದು ಜನಾಂಗ ತಲೆಯೆತ್ತಿತ್ತು. ನೆಲೆ ಕಳೆದುಕೊಂಡವರ ಹತಾಶೆ ಅದು. ಅದನ್ನು ಸರಿಯಾಗಿ ತೋರಿಸಿದ್ದರೆ ಇಡೀ ಮೊದಲ ಭಾಗಕ್ಕೇ ಬೇರೆ ತೂಕ ಬರುತ್ತಿತ್ತು. ಚರಿತ್ರೆಯ ಜನರ ಹೆಸರು ಬದಲಿಸಿದ ಗೊಂದಲವೂ ಇದೆ. ಲಿ ಬಿ ಅಂದರೆ ಚರಿತ್ರೆಯ ಲಿ ಮಿ, ಮುದುಕ ಹೇ ಜಿಯಾನ್ ಅಂದರೆ ಕವಿ ಹೇ ಜಿಜಾಂಗ್, ಮಂತ್ರಿ ಲಿನ್ ಜಿಯುಲಾಂಗ್ ಅಂದರೆ ಲಿ ಲಿನ್‌ಫು. ಹೊರಗಿನ ನಮಗೆ ಇದು ತಿಳಿಯುವ ದಾರಿಯೇ ಇಲ್ಲ.

ಆದರೆ ಒಂದು ಹೆಸರನ್ನು ಹಾಗೇ ಇಟ್ಟಿದ್ದಾರೆ. ಈ ಕಥೆಯಾಗಿ 12 ವರ್ಷಕ್ಕೆ, 756ರಲ್ಲಿ, ದಂಗೆಗೆ ಹೆದರಿ ಚಕ್ರವರ್ತಿ ರಾಜಧಾನಿ ಬಿಟ್ಟು ಓಡಿದ. ದಾರಿಯಲ್ಲಿ ಸೈನಿಕರು ತಿರುಗಿಬಿದ್ದರು. ಆಗ ಮಂತ್ರಿ ಯಾಂಗ್ ಗುವೊಜುಂಗ್‌ಗೆ ಮೊದಲ ಬಾಣ ಬಿಟ್ಟ ಸವಾರನ ಹೆಸರು ಜಾಂಗ್ ಶಿಯಾವ್‌ಜಿಂಗ್ ಎಂದು ಹಳೆಯ ಗ್ರಂಥವೊಂದು ಹೇಳುತ್ತದೆ. ಅದನ್ನು ಬರೆದವನು ಯಾವ್ ರುನೆಂಗ್. ಸೀರಿಯಲ್‌ನಲ್ಲಿ ಜಾಂಗ್‌ನ ಬೆನ್ನಿಗೇ ಓಡಾಡುವ ಹುಡುಗ ಅಧಿಕಾರಿ ಇದ್ದಾನಲ್ಲ, ಅವನ ಹೆಸರೂ ಯಾವ್ ರುನೆಂಗ್! ಚರಿತ್ರೆಯ ಒಂದು ಸಾಲಿನಿಂದ 48 ಕಂತಿನ ನಾಯಕನನ್ನು ಎಬ್ಬಿಸಿದ್ದಾರೆ. ಮೊದಲ ಕಂತು ಹಾಕುವ ಮುಂಚೆ ಇದಿಷ್ಟು ಗೊತ್ತಿದ್ದರೆ, ಆ ಇಬ್ಬರೂ ಒಟ್ಟಿಗೆ ಬರುವ ದೃಶ್ಯಗಳನ್ನು ನೀವು ಬೇರೆ ಕಣ್ಣಿನಿಂದ ನೋಡುತ್ತೀರಿ.