ತಪ್ಪಿದ ಓಟದ ಬಾಕಿ ತೀರಿಸಬೇಡಿ

ಕೇಳುಗರೇ, ನಮಸ್ಕಾರ.

ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಡುವವರ ನಡುವೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. "ಈ ವಾರ ಎರಡು ದಿನ ತಪ್ಪಿಹೋಯ್ತು, ಇವತ್ತು ಎಲ್ಲಾ ಸೇರಿಸಿ ಓಡಿಬಿಡ್ತೀನಿ." ಈ ಮಾತು ಕೇಳಿದರೆ ನನಗೆ ನಿಜಕ್ಕೂ ಭಯ ಆಗುತ್ತದೆ.

ಲೆಕ್ಕ ಹಾಕಿ ನೋಡಿ. ಬುಧವಾರದ 6 ಕಿಲೋಮೀಟರ್, ಶುಕ್ರವಾರದ 6 ಕಿಲೋಮೀಟರ್, ಎರಡೂ ಮಳೆಗೆ ಹೋದವು. ಭಾನುವಾರದ 12ಕ್ಕೆ ಅವನ್ನೂ ಸೇರಿಸಿದರೆ 24 ಆಯಿತು. ಉಸಿರು ಹೇಗೋ ಸಾಥ್ ಕೊಡಬಹುದು. ಹೃದಯ ಬೇಗ ಪಳಗುತ್ತದೆ. ಆದರೆ ಮೂಳೆಗೆ, ಹಿಮ್ಮಡಿ ಮೇಲಿನ ಸ್ನಾಯುರಜ್ಜಿಗೆ ತಿಂಗಳುಗಟ್ಟಲೆ ಬೇಕು. ಒಮ್ಮೆಲೇ ಹೊರೆ ಏರಿಸಿದರೆ ಅವು ತಡೆಯುವುದಿಲ್ಲ. ಮರುದಿನ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಳ್ ಅನ್ನುತ್ತದೆ. ಎರಡು ದಿನ ತಪ್ಪಿದ್ದಕ್ಕೆ ಎರಡು ತಿಂಗಳು ಮನೆಯಲ್ಲಿ ಕೂರುವುದು ಯಾರಿಗೆ ಬೇಕು, ಅಲ್ವಾ?

ಹಾಗಾದರೆ ಓಡದೇ ಇದ್ದರೆ ಕಳೆದುಕೊಳ್ಳುವುದೇನು? ಒಂದು ವಾರದಲ್ಲಿ ತುಂಬಾ ಕಡಿಮೆ. ಮೊದಲು ಇಳಿಯುವುದು ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ. ಮರಳಿ ಓಡಿದ ಮೊದಲ ದಿನ ಎದೆಬಡಿತ ಜಾಸ್ತಿ ಆಗುವುದು ಮುಖ್ಯವಾಗಿ ಅದರಿಂದಲೇ. ಓಡುತ್ತಾ ಓಡುತ್ತಾ ಅದು ಮತ್ತೆ ತುಂಬಿಕೊಳ್ಳುತ್ತದೆ. 1984ರಲ್ಲಿ ವ್ಯಾಯಾಮ ವಿಜ್ಞಾನಿ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ಚೆನ್ನಾಗಿ ಪಳಗಿದ ಕ್ರೀಡಾಪಟುಗಳ ಅಭ್ಯಾಸವನ್ನು ಪೂರ್ತಿ ನಿಲ್ಲಿಸಿಯೇ ನೋಡಿದರು. ಮೊದಲ 3 ವಾರಗಳಲ್ಲಿ ದೇಹ ಆಮ್ಲಜನಕ ಬಳಸುವ ಗರಿಷ್ಠ ಶಕ್ತಿ ಇಳಿದದ್ದು ಸುಮಾರು ಶೇ. 7. ಮೂರು ವಾರಕ್ಕೆ ಇಷ್ಟೇ! ಮ್ಯಾರಥಾನ್ ಓಡುವವರಂತೂ ಸ್ಪರ್ಧೆಗೆ ಎರಡು ಮೂರು ವಾರ ಇರುವಾಗ ಬೇಕೆಂದೇ ಓಟ ತಗ್ಗಿಸುತ್ತಾರೆ. ದಣಿದ ಕಾಲು ಸುಧಾರಿಸಿಕೊಳ್ಳಲಿ ಅಂತ.

ಹಾಗಾಗಿ ಒಂದೆರಡು ದಿನ ತಪ್ಪಿದರೆ ಅದನ್ನು ಅಲ್ಲಿಗೇ ಬಿಡಿ. ಆವತ್ತಿನ ಪಟ್ಟಿಯಲ್ಲಿ ಏನಿದೆಯೋ ಅಷ್ಟನ್ನೇ ಓಡಿ. ವಾರ ಪೂರ್ತಿ ಹೋಗಿದ್ದರೆ ಮೊದಲ ಎರಡು ಓಟ ನಿಧಾನ ಇರಲಿ, ಪಕ್ಕದವರ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನ. ಎರಡು ವಾರ ದಾಟಿದ್ದರೆ ಅರ್ಧ ದೂರದಿಂದ ಶುರುಮಾಡಿ, ವಾರವಾರವೂ ಸ್ವಲ್ಪ ಸ್ವಲ್ಪ ಏರಿಸಿ. ಒಂದು ಗಂಟೆ ಸಿಗಲಿಲ್ಲ ಅಂತ ಸುಮ್ನೆ ಕೂರಬೇಡಿ, 20 ನಿಮಿಷ ಸಿಕ್ಕರೆ ಅಷ್ಟೇ ಓಡಿ ಬನ್ನಿ.

ಜ್ವರ ಇದ್ದಾಗ ಮಾತ್ರ ಓಟವೇ ಬೇಡ. ಡೆಂಗಿ ಬಂದು ಹೋಗಿದ್ದರೆ ವೈದ್ಯರು ಸರಿ ಅನ್ನುವವರೆಗೂ ಶೂ ಹಾಕಬೇಡಿ.

ನಮಸ್ಕಾರ.