ಮಕ್ಕಳನ್ನು ಕಡಲಾಚೆ ಕರೆದೊಯ್ಯುವವರಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಶಾಲಾ ಪ್ರವಾಸವೆಂದರೆ ಬೇಲೂರು, ಹಳೇಬೀಡು, ಜೋಗ, ಹಂಪಿ ಎಂಬ ಕಾಲವೊಂದಿತ್ತು. ಈಗ ನಮ್ಮ ರಾಜ್ಯದ ಎಷ್ಟೋ ಶಾಲೆಗಳು ಸಿಂಗಪುರಕ್ಕೆ, ದುಬೈಗೆ, ಅಮೆರಿಕದ ಬಾಹ್ಯಾಕಾಶ ಕೇಂದ್ರಗಳಿಗೆ ಮಕ್ಕಳನ್ನು ಕರೆದೊಯ್ಯುತ್ತಿವೆ. ಸಣ್ಣ ಊರಿನ ಶಾಲೆಗಳಲ್ಲೂ ಆ ಆಸೆ ಮೊಳೆತಿದೆ. ನಾನು ಕೋಲಾರ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು, ಮಕ್ಕಳ ಹೊಣೆ ಹೊತ್ತು ಸಿಂಗಪುರಕ್ಕೆ ಹೋಗಿ ಬಂದವಳು. ಜೊತೆಗೆ ಹೋಗುವ ಶಿಕ್ಷಕರ ಕೆಲಸದ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಅಂಜಬೇಕಾದುದಕ್ಕೆಲ್ಲ ಊರಿನಲ್ಲಿರುವಾಗಲೇ ಅಂಜಿ, ಅದಕ್ಕೆ ಬೇಕಾದ ಏರ್ಪಾಡು ಮುಗಿಸಿಬಿಡಬೇಕು. ಹಾಗೆ ಮಾಡಿದವರಿಗೆ ಮಾತ್ರ ಅಲ್ಲಿ ಹೋದ ಮೇಲೆ ಮಕ್ಕಳನ್ನು ನಿಂತು ನೋಡಲು ಬಿಡುವ ಧೈರ್ಯ ಬರುತ್ತದೆ. ಇಲ್ಲವಾದರೆ ಇಡೀ ಪ್ರವಾಸ 'ಬೇಗ ಬನ್ನಿ, ಸಾಲಿನಲ್ಲಿ ನಿಲ್ಲಿ' ಎಂಬ ಕೂಗಿನಲ್ಲೇ ಮುಗಿದುಹೋಗುತ್ತದೆ.

ಮೊದಲ ಕೆಲಸ ಪಾಸ್‌ಪೋರ್ಟು. ನಗರದ ಮಕ್ಕಳಲ್ಲಿ ಹಲವರ ಬಳಿ ಅದು ಆಗಲೇ ಇರುತ್ತದೆ. ನಮ್ಮ ಕಡೆಯ ಮಕ್ಕಳ ಮನೆಗಳಲ್ಲಿ ಅದನ್ನು ಯಾರೂ ಕಣ್ಣಾರೆ ಕಂಡಿರುವುದಿಲ್ಲ. ಕಷ್ಟ ಶುರುವಾಗುವುದು ಹೆಸರಿನಿಂದ. ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ನಮ್ಮಲ್ಲಿ ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಒಂದೊಂದು ಅಕ್ಷರವಾಗಿಸಿ ಮಗುವಿನ ಹೆಸರಿನ ಮುಂದೆ ಇಡುತ್ತೇವೆ. ಪಾಸ್‌ಪೋರ್ಟಿಗೆ ಬಂದಾಗ ಆ ಅಕ್ಷರಗಳನ್ನು ಬಿಡಿಸಿ ಪೂರ್ತಿ ಬರೆಯಬೇಕಾಗುತ್ತದೆ. ಅಲ್ಲಿ ಹೇಗೆ ಬರೆದಿದೆಯೋ ಹಾಗೆಯೇ ವೀಸಾದಲ್ಲೂ ವಿಮಾನದ ಟಿಕೆಟಿನಲ್ಲೂ ಇರಬೇಕು. ಹದಿನೆಂಟು ತುಂಬದ ಮಕ್ಕಳ ಅರ್ಜಿಗೆ ತಂದೆ ತಾಯಿ ಇಬ್ಬರೂ ಒಪ್ಪಿಗೆಯ ಸಹಿ ಹಾಕಬೇಕು. ತಂದೆ ಮನೆ ಬಿಟ್ಟು ಹೋಗಿದ್ದರೆ, ತಾಯಿಯೊಬ್ಬಳೇ ಮಗುವನ್ನು ಸಾಕುತ್ತಿದ್ದರೆ, ಅದಕ್ಕೆ ಬೇರೆ ಘೋಷಣಾಪತ್ರವಿದೆ. ಈ ವಿಷಯವನ್ನು ಪಾಲಕರ ಸಭೆಯಲ್ಲಿ ಎಲ್ಲರೆದುರು ಕೇಳಬಾರದು. ಆ ತಾಯಿಯ ಮನೆಗೇ ಹೋಗಿ, ಪಕ್ಕದಲ್ಲಿ ಕುಳಿತು, ಪತ್ರವನ್ನು ಓದಿ ಹೇಳಿ ಸಹಿ ಪಡೆಯಬೇಕು. ಪ್ರವಾಸದ ಜೊತೆಗಾರಿಕೆ ನಿಜವಾಗಿ ಆರಂಭವಾಗುವುದು ಅಲ್ಲಿಂದಲೇ ಎಂದು ನನ್ನ ಭಾವನೆ.

ಮಕ್ಕಳ ಪಾಸ್‌ಪೋರ್ಟು ಹೆಚ್ಚಾಗಿ ಐದು ವರ್ಷಕ್ಕಷ್ಟೇ ಇರುತ್ತದೆ ಎಂಬುದನ್ನು ಹಳೆಯ ಪಾಸ್‌ಪೋರ್ಟು ಇರುವವರ ಮನೆಯವರೂ ಮರೆತಿರುತ್ತಾರೆ. ಸಿಂಗಪುರಕ್ಕೆ ಕಾಲಿಡುವ ದಿನಕ್ಕೆ ಅದರ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು. ವೀಸಾ ಬೇಕು, ಅದನ್ನು ಮಾನ್ಯತೆ ಪಡೆದ ಏಜೆಂಟರ ಮೂಲಕ ಮಾಡಿಸಬೇಕು. ತಲುಪುವ ದಿನವೂ ಸೇರಿದಂತೆ ಅದಕ್ಕೆ ಮುಂಚಿನ ಮೂರು ದಿನಗಳೊಳಗೆ ಆಗಮನ ಪತ್ರವನ್ನು ಸಿಂಗಪುರ ಸರ್ಕಾರದ ಜಾಲತಾಣದಲ್ಲಿ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ತಾಣ ಎದುರಾದರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ಆ ಪತ್ರದಲ್ಲಿ ಕೊಡುವ ಮಿಂಚಂಚೆಯ ವಿಳಾಸ ನೀವು ದಿನವೂ ತೆರೆದು ನೋಡುವಂಥದ್ದಾಗಿರಲಿ. ಸಿಂಗಪುರದಲ್ಲಿ ಈಗ ಪಾಸ್‌ಪೋರ್ಟಿನ ಮೇಲೆ ಮುದ್ರೆ ಒತ್ತುವುದಿಲ್ಲ. ಎಷ್ಟು ದಿನ ಇರಬಹುದೆಂಬ ಅನುಮತಿ ಆ ವಿಳಾಸಕ್ಕೇ ಬರುತ್ತದೆ. ಮುದ್ರೆಗಾಗಿ ಕಾದಿದ್ದ ಮಕ್ಕಳ ಮುಖ ಚಾಂಗಿ ವಿಮಾನ ನಿಲ್ದಾಣದಲ್ಲಿ ಬಾಡುವುದನ್ನು ನೋಡಿದ್ದೇನೆ. ಮೊದಲೇ ಹೇಳಿಟ್ಟರೆ ಒಳ್ಳೆಯದು.

ಇನ್ನು ಪೆಟ್ಟಿಗೆ. ಇಲ್ಲಿ ನಮ್ಮ ತಾಯಂದಿರ ಪ್ರೀತಿಗೂ ಅನ್ಯದೇಶದ ಕಾನೂನಿಗೂ ಮುಖಾಮುಖಿಯಾಗುತ್ತದೆ. ಮಗು ಅಲ್ಲಿ ಏನು ತಿನ್ನುವುದೋ ಎಂದು ಚಟ್ನಿಪುಡಿ, ಹುಳಿಪುಡಿ, ಸಿಹಿತಿಂಡಿ ಎಲ್ಲವನ್ನೂ ಕಟ್ಟಿ ಕಳಿಸುತ್ತಾರೆ. ಅದರಲ್ಲಿ ಗಸಗಸೆ ಇರಬಾರದು. ಅಫೀಮಿನ ಗಿಡದ ಬೀಜವೆಂಬ ಕಾರಣಕ್ಕೆ ಸಿಂಗಪುರದಲ್ಲಿ ಗಸಗಸೆಗೆ ನಿಷೇಧವಿದೆ, ದುಬೈಯಲ್ಲೂ ಇದೆ. ನಮ್ಮ ಅಡುಗೆಮನೆಯ ಡಬ್ಬಿಯಲ್ಲಿ ಮುಗ್ಧವಾಗಿ ಕುಳಿತಿರುವ ವಸ್ತು ಅಲ್ಲಿ ಮಾದಕ ವಸ್ತುಗಳ ಕಾನೂನಿನ ಕೆಳಗೆ ಬರುತ್ತದೆ ಎಂದರೆ ಯಾವ ತಾಯಿಗೂ ಮೊದಲ ಮಾತಿಗೆ ನಂಬಿಕೆ ಬರುವುದಿಲ್ಲ. ಅದಕ್ಕೇ ಎರಡು ಸಲ, ಮೂರು ಸಲ ಹೇಳಬೇಕು. ಒಣಕೊಬ್ಬರಿ ಎಣ್ಣೆಯಂಶದಿಂದ ಬೆಂಕಿ ಹತ್ತಿಕೊಳ್ಳಬಹುದಾದ ವಸ್ತು, ವಿಮಾನದವರು ಅದನ್ನು ಬಿಡುವುದಿಲ್ಲ. ಅಫೀಮಿನ ಜಾತಿಗೇ ಸೇರಿದ ಕೊಡೀನ್ ಇರುವ ಕೆಮ್ಮಿನ ಔಷಧ ಬೇಡವೇ ಬೇಡ. ಚೂಯಿಂಗ್ ಗಮ್ ತರುವುದಕ್ಕೆ 1992ರಿಂದಲೇ ಅಲ್ಲಿ ತಡೆಯಿದೆ. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. ಉಬ್ಬಸವಿರುವ ಮಗುವಿನ ಇನ್‌ಹೇಲರ್, ವೈದ್ಯರ ಚೀಟಿ ಎರಡೂ ಮಗುವಿನ ಕೈಚೀಲದಲ್ಲಿ ಒಂದು ಜೊತೆ, ಶಿಕ್ಷಕರ ಬಳಿ ಒಂದು ಜೊತೆ ಇರಲಿ.

ಹೆಣ್ಣುಮಕ್ಕಳ ವಿಷಯದಲ್ಲಿ ಸಂಕೋಚವಿಲ್ಲದೆ ಹೇಳುತ್ತೇನೆ. ತಂಡದಲ್ಲಿ ಶಿಕ್ಷಕಿ ಇದ್ದರಷ್ಟೇ ಸಾಲದು. ಮುಟ್ಟಿನ ದಿನಗಳ ಬಗ್ಗೆ ಹೊರಡುವ ಮುಂಚೆ ಹುಡುಗಿಯರೊಂದಿಗೆ ಕುಳಿತು ಬಿಚ್ಚಿ ಮಾತನಾಡಿದ ಶಿಕ್ಷಕಿ ಇರಬೇಕು. ಪ್ರಯಾಣದ ಬಳಲಿಕೆ, ಊಟದ ಬದಲಾವಣೆಗಳಿಂದ ದಿನ ಹಿಂದುಮುಂದಾಗುವುದುಂಟು. ಕೆಲವರಿಗೆ ಮೊದಲ ಸಲದ ಮುಟ್ಟು ಪರದೇಶದಲ್ಲೇ ಆಗಬಹುದು. ಆಗ ಆ ಹುಡುಗಿ ಹೆದರಿ ಬಾತ್‌ರೂಮಿನ ಬಾಗಿಲು ಹಾಕಿಕೊಳ್ಳದೆ ನೇರವಾಗಿ ನಮ್ಮ ಬಳಿ ಬರುವಂತಿರಬೇಕು. ಆ ಸಲುಗೆ ವಿಮಾನ ಹತ್ತಿದ ಮೇಲೆ ಹುಟ್ಟುವಂಥದ್ದಲ್ಲ.

ಎಣಿಕೆಯ ಮಾತು. ಹತ್ತು ಮಕ್ಕಳಿಗೆ ಒಬ್ಬ ಹಿರಿಯರು, ಅವರಲ್ಲದೆ ಇನ್ನೊಬ್ಬರು ಹೆಚ್ಚಿಗೆ ಇರಬೇಕೆಂಬುದು ನನ್ನ ಲೆಕ್ಕ. ಹೆಚ್ಚಿಗೆ ಏಕೆಂದರೆ ಒಂದು ಮಗುವಿಗೆ ಜ್ವರ ಬಂದರೆ ಅದರ ಜೊತೆ ಹೋಟೆಲಿನಲ್ಲಿ ಉಳಿಯಲು, ಆಸ್ಪತ್ರೆಗೆ ಹೋಗಲು ಒಬ್ಬರು ಬೇಕು. ಉಳಿದವರ ದಿನ ಅದರಿಂದ ನಿಲ್ಲಬಾರದು. ಬಾಗಿಲು, ಲಿಫ್ಟು, ರೈಲು, ಬಸ್ಸು, ಎಲ್ಲಿ ಗುಂಪು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತದೆಯೋ ಅಲ್ಲೆಲ್ಲ ಎಣಿಸಬೇಕು. ಸಿಂಗಪುರದ ಮೆಟ್ರೋವನ್ನು ಎಂಆರ್‌ಟಿ ಎನ್ನುತ್ತಾರೆ. ಅದರ ಬಾಗಿಲು ಯಾರಿಗಾಗಿಯೂ ಕಾಯುವುದಿಲ್ಲ. ಅದಕ್ಕೊಂದು ನಿಯಮವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆವು. ನೀನು ಪ್ಲಾಟ್‌ಫಾರ್ಮಿನಲ್ಲಿ ಉಳಿದುಬಿಟ್ಟರೆ ಅಲ್ಲೇ ನಿಲ್ಲು, ಒಂದು ಹೆಜ್ಜೆಯೂ ಕದಲಬೇಡ. ನೀನೊಬ್ಬನೇ ರೈಲಿನೊಳಗೆ ಹೋಗಿಬಿಟ್ಟರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲು. ಹುಡುಕಿಕೊಂಡು ಬರುವುದು ನಮ್ಮ ಕೆಲಸ, ನಿನ್ನದಲ್ಲ. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಅದನ್ನೇ ರೈಲಿನ ಬಾಗಿಲು ಮಾಡಿಕೊಂಡು ಆಡಿಸಿದ್ದೆವು. ಆಟವಾಗಿ ಕಲಿತದ್ದು ಗಾಬರಿಯ ಹೊತ್ತಿನಲ್ಲಿ ನೆನಪಿಗೆ ಬರುತ್ತದೆ. ಹೋಟೆಲಿನ ಹೆಸರು, ವಿಳಾಸ, ಶಿಕ್ಷಕರ ಫೋನ್ ಸಂಖ್ಯೆ ಬರೆದ ಚೀಟಿ ಪ್ರತಿ ಮಗುವಿನ ಜೇಬಿನಲ್ಲಿತ್ತು. ಅಲ್ಲಿ ಪೊಲೀಸರಿಗೆ 999, ಆಂಬುಲೆನ್ಸಿಗೆ 995. ಪಾಸ್‌ಪೋರ್ಟು ಕಳೆದರೆ ಮೊದಲು ಪೊಲೀಸರಿಗೆ ದೂರು ಕೊಟ್ಟು, ಆ ದೂರಿನ ಪ್ರತಿಯೊಂದಿಗೆ ಗ್ರೇಂಜ್ ರಸ್ತೆಯಲ್ಲಿರುವ ಭಾರತದ ಹೈಕಮಿಷನ್ನಿಗೆ ಹೋಗಬೇಕು. ಊರಿಗೆ ಮರಳಲು ಅವರು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಆ ಗಳಿಗೆಗಾಗಿ ಎಲ್ಲ ಮಕ್ಕಳ ಭಾವಚಿತ್ರ ಮತ್ತು ಪಾಸ್‌ಪೋರ್ಟಿನ ನಕಲು ನಮ್ಮ ಚೀಲದಲ್ಲಿರಬೇಕು.

ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಕೋಣೆಯ ದೀಪ ಆರಿಸಿದ ಮೇಲೆ ಮಕ್ಕಳಿಗೆ ಮನೆ ನೆನಪಾಗುತ್ತದೆ. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಒಂಬತ್ತೂವರೆ ಆದಾಗ ನಮ್ಮ ಊರಿನಲ್ಲಿ ಸಂಜೆ ಏಳು, ಡೇರಿಗೆ ಹಾಲು ಹಾಕಿ ಬಂದು ಮನೆಯವರು ಉಸಿರು ಬಿಡುವ ಸಮಯ. ದಿನಕ್ಕೆ ಅದೊಂದು ಹೊತ್ತು ಫೋನಿಗೆ ಎಂದು ಗೊತ್ತುಮಾಡಿದರೆ ಎರಡೂ ಕಡೆ ನೆಮ್ಮದಿ. ಗಂಟೆಗೊಂದು ಸಲ ವಿಡಿಯೋ ಕರೆ ಮಾಡುವ ತಂದೆತಾಯಿಯರಿಗೆ ನಾನು ಕೈಮುಗಿದು ಕೇಳುವುದಿಷ್ಟು: ಮಗುವನ್ನು ಅಲ್ಲಿಗೆ ಕಳಿಸಿದ್ದೀರಿ, ಅಲ್ಲಿರಲು ಬಿಡಿ. ಅಳುವ ಮಗುವಿನ ಕೈಗೆ ಕೂಡಲೇ ಫೋನು ಕೊಟ್ಟರೆ ಅಳು ಎರಡು ಮನೆಗಳಿಗೆ ಹಬ್ಬುತ್ತದೆ. ಪಕ್ಕದಲ್ಲಿ ಕುಳಿತು, ಮನೆಯ ಹಸು ಕರು ಹಾಕಿತೇ, ತಂಗಿ ಯಾವ ತರಗತಿ ಎಂದು ಮಾತಿಗೆಳೆದರೆ ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಬರುತ್ತದೆ.

ಊಟದ ಚಿಂತೆ ನಾವು ಅಂದುಕೊಂಡಷ್ಟಿರಲಿಲ್ಲ. ಲಿಟ್ಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ದೋಸೆ, ಬಾಳೆಲೆ ಊಟ ಸಿಗುತ್ತದೆ. ತಮಿಳು ಆ ದೇಶದ ನಾಲ್ಕು ಅಧಿಕೃತ ಭಾಷೆಗಳಲ್ಲೊಂದು. ಕೋಲಾರದ ಮಕ್ಕಳು ಕನ್ನಡದ ಜೊತೆ ತೆಲುಗು, ತಮಿಳುಗಳನ್ನು ಬೀದಿಯಲ್ಲೇ ಕಲಿತವರು. ರೈಲು ನಿಲ್ದಾಣದಲ್ಲಿ ತಮಿಳಿನ ಪ್ರಕಟಣೆ ಕೇಳಿದ ಕ್ಷಣ ಅವರ ಬೆನ್ನು ನೆಟ್ಟಗಾಯಿತು. ಇಂಗ್ಲಿಷ್ ಬಾರದೆಂದು ಕುಗ್ಗಿದ್ದ ಹುಡುಗನೊಬ್ಬ ಅಂದಿನಿಂದ ಇಡೀ ತಂಡಕ್ಕೆ ದಾರಿ ಕೇಳುವವನಾದ. ಇಂಥದ್ದನ್ನು ಯಾವ ಕಾರ್ಯಕ್ರಮ ಪಟ್ಟಿಯಲ್ಲೂ ಬರೆಯಲಾಗದು.

ಕಾರ್ಯಕ್ರಮ ಪಟ್ಟಿಯ ಮಾತು ಬಂದದ್ದರಿಂದ, ಅತಿ ಮುಖ್ಯವಾದುದನ್ನು ಈಗ ಹೇಳುತ್ತೇನೆ. ಪ್ರವಾಸ ಏಜೆಂಟರು ಕೊಡುವ ಪಟ್ಟಿಯಲ್ಲಿ ಒಂದು ದಿನಕ್ಕೆ ನಾಲ್ಕೈದು ತಾಣಗಳಿರುತ್ತವೆ. ಸೆಂಟೋಸಾ ದ್ವೀಪ, ಸಿಂಹದ ತಲೆ ಮೀನಿನ ಮೈಯಿರುವ ಮರ್ಲಯನ್ ಪ್ರತಿಮೆ, ರಾತ್ರಿಯ ಮೃಗಾಲಯ, ಅಂಗಡಿ ಸಾಲು. ಬಸ್ಸು ಇಳಿ, ಫೋಟೋ ತೆಗೆ, ಬಸ್ಸು ಹತ್ತು. ಪಟ್ಟಿಯಿಂದ ಕೆಲವನ್ನು ತೆಗೆದುಹಾಕಿ ಎಂದು ಶಿಕ್ಷಕರು ಜಗಳವಾಡಿಯಾದರೂ ಕೇಳಬೇಕು. ನಾವು ಹಾಗೆ ಕೇಳಿ ಉಳಿಸಿಕೊಂಡ ಒಂದು ಬೆಳಗನ್ನು ಮರೀನಾ ಬ್ಯಾರೇಜಿಗೆ ಕೊಟ್ಟೆವು.

ಅದು ಸಮುದ್ರದ ಬಾಯಿಗೆ ಅಡ್ಡಲಾಗಿ ಕಟ್ಟಿರುವ 350 ಮೀಟರ್ ಉದ್ದದ ಅಣೆಕಟ್ಟು. 2008ರಲ್ಲಿ ಆರಂಭವಾಯಿತು. ನಗರದ ಮಧ್ಯದಲ್ಲೇ ಸಿಹಿನೀರಿನ ಜಲಾಶಯ, ಅದಕ್ಕೆ ಸಿಂಗಪುರದ ಆರನೇ ಒಂದು ಭಾಗದ ಮಳೆನೀರು ಹರಿದುಬರುತ್ತದೆ. ಜೋರು ಮಳೆ ಬಂದಾಗ ಕಡಲು ಇಳಿದಿದ್ದರೆ ಒಂಬತ್ತು ಗೇಟುಗಳನ್ನು ತೆರೆದು ಹೆಚ್ಚಿನ ನೀರನ್ನು ಬಿಡುತ್ತಾರೆ. ಕಡಲು ಉಬ್ಬಿದ್ದರೆ ಗೇಟು ತೆರೆಯುವಂತಿಲ್ಲ, ಪಂಪುಗಳಿಂದ ಎತ್ತಿ ಹೊರಹಾಕುತ್ತಾರೆ. ಆ ದೇಶಕ್ಕೆ ನೀರಿನ ಚಿಂತೆ ಹುಟ್ಟಿನಿಂದಲೇ ಇದೆ. ಮಲೇಷ್ಯಾದ ಜೋಹೋರ್ ನದಿಯಿಂದ ನೀರು ಪಡೆಯುವ 1962ರ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಅದಕ್ಕೇ ಅವರು ಮಳೆನೀರು ಹಿಡಿಯುತ್ತಾರೆ, ಕಡಲ ನೀರಿನ ಉಪ್ಪು ತೆಗೆಯುತ್ತಾರೆ. ಬಳಸಿದ ನೀರನ್ನು ಸೂಕ್ಷ್ಮ ಸೋಸುವಿಕೆ, ಒತ್ತಡದಿಂದ ತೆಳು ಪೊರೆಯ ಮೂಲಕ ನೀರು ಹಾಯಿಸುವ ರಿವರ್ಸ್ ಆಸ್ಮೋಸಿಸ್, ನೇರಳಾತೀತ ಕಿರಣ, ಈ ಹಂತಗಳನ್ನು ದಾಟಿಸಿ ನ್ಯೂವಾಟರ್ ಎಂಬ ಹೆಸರಿನಲ್ಲಿ ಮತ್ತೆ ಬಳಸುತ್ತಾರೆ. ಅದರ ಬಹುಪಾಲು ಕಾರ್ಖಾನೆಗಳಿಗೆ ಹೋಗುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಜಲಾಶಯಕ್ಕೂ ಸೇರುತ್ತದೆ.

ಇದನ್ನು ಕೇಳುತ್ತಿದ್ದವರು ಕೋಲಾರದ ಮಕ್ಕಳು ಎಂಬುದು ನೆನಪಿರಲಿ. ವರ್ಷವಿಡೀ ಹರಿಯುವ ನದಿ ನಮಗಿಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿ ಬತ್ತುವುದನ್ನು ಮನೆಯಂಗಳದಲ್ಲೇ ಕಂಡವರು ಅವರು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ನೀರು ಬಂದ ಮೇಲೆ ಬಾವಿಗಳಲ್ಲಿ ಪಸೆ ಕಂಡದ್ದು ನಿಜ. ಸಂಸ್ಕರಣೆ ಎರಡು ಹಂತಕ್ಕೇ ನಿಂತಿದೆ, ನೀರನ್ನು ಇನ್ನಷ್ಟು ಶುದ್ಧಗೊಳಿಸುವ ಮೂರನೆಯ ಹಂತವೂ ಆಗಬೇಕು ಎಂದು ಜಿಲ್ಲೆಯ ಜನ ಹೋರಾಡುತ್ತಾ ಬಂದದ್ದೂ ನಿಜ.

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬ್ಯಾರೇಜಿನ ಗೋಡೆಯ ಮೇಲಿದ್ದ ನ್ಯೂವಾಟರ್ ಚಿತ್ರವನ್ನು ತುಂಬ ಹೊತ್ತು ನೋಡಿ ನನ್ನ ಬಳಿ ಬಂದಳು. "ಮೇಡಂ, ಇವರು ಹೀಗೆ ಮತ್ತೆ ಶುದ್ಧ ಮಾಡುವ ಈ ಮೂರನೆಯ ಹಂತದ ಕೆಲಸವನ್ನೇ ಅಲ್ಲವೇ ನಮ್ಮ ತಾತ ಧರಣಿಯಲ್ಲಿ ಕೇಳುತ್ತಿದ್ದುದು?" ಎಂದಳು. ಹೌದು ಎಂದೆ. "ಅದಕ್ಕೆ ಎಷ್ಟು ಕರೆಂಟ್ ಬೇಕು? ಎಷ್ಟು ಖರ್ಚು? ಉಳಿದ ಗಲೀಜನ್ನು ಎಲ್ಲಿ ಹಾಕುತ್ತಾರೆ?" ಎಂದು ಒಂದರ ಹಿಂದೊಂದು ಪ್ರಶ್ನೆ. ಉಳಿದವರೂ ಸುತ್ತ ಸೇರಿದರು. ಅಲ್ಲಿನ ಮಾರ್ಗದರ್ಶಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ, ಮಕ್ಕಳ ಪ್ರಶ್ನೆಯನ್ನು ಅವರಿಗೆ ತಿಳಿಸಿದೆ. ಬಸ್ಸಿನವರು ಅಂಗಡಿ ಸಾಲಿಗೆ ಹೊತ್ತಾಯಿತೆಂದು ಕರೆ ಮಾಡಿದರು. ಅಂದಿನ ಅಂಗಡಿ ಭೇಟಿಯನ್ನು ಕೈಬಿಟ್ಟೆವು. ಕೆಲವು ಮಕ್ಕಳು ಮುನಿಸಿಕೊಂಡರು, ಅದೂ ಸಹಜವೇ. ಆ ನಿರ್ಧಾರ ಸರಿ ಎಂದು ನನಗೆ ಇಂದಿಗೂ ಅನ್ನಿಸುತ್ತದೆ. ಎಣಿಕೆ, ಚೀಟಿ, ಔಷಧ, ಎಲ್ಲವೂ ಕ್ರಮವಾಗಿದ್ದುದರಿಂದಲೇ ನನಗೆ ಅವಸರವಿಲ್ಲದೆ ಅವಳ ಪ್ರಶ್ನೆಗೆ ನಿಲ್ಲಲು ಸಾಧ್ಯವಾಯಿತು.

ಹಣದ ವಿಷಯ ಹೇಳದೆ ಮುಗಿಸಲಾರೆ. ಇಂಥ ಪ್ರವಾಸದ ಖರ್ಚು ಎಲ್ಲ ಮನೆಗಳಿಗೂ ನಿಲುಕುವುದಿಲ್ಲ. ಹೋಗುವ ಮಕ್ಕಳ ಕೈಖರ್ಚಿಗೆ ಒಂದೇ ಮಿತಿ ಇಟ್ಟು, ಅಲ್ಲಿ ಒಬ್ಬನ ಚೀಲ ತುಂಬಿ ಇನ್ನೊಬ್ಬ ಕೈಕಟ್ಟಿ ನಿಲ್ಲದಂತೆ ನೋಡಿಕೊಳ್ಳಬಹುದು. ಹೋಗಲಾಗದವರಿಗೆ ಏನು ಮಾಡುತ್ತೇವೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಖರ್ಚಿಲ್ಲದ ದಾರಿಗಳೂ ಇವೆ. ಜಪಾನಿನ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ 2014ರಿಂದ ನಡೆಸುತ್ತಿರುವ ಸಕುರಾ ಸೈನ್ಸ್ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಗಳ ಮಕ್ಕಳೂ ಶಿಕ್ಷಕರ ಜೊತೆ ಜಪಾನಿಗೆ ಹೋಗಿ ಬಂದಿದ್ದಾರೆ. ಮುಖ್ಯೋಪಾಧ್ಯಾಯರು ಇಂಥ ಅವಕಾಶಗಳ ಮೇಲೆ ಕಣ್ಣಿಟ್ಟಿರಬೇಕು. ನಮ್ಮ ಶಾಲೆಯಲ್ಲಿ, ಉಳಿದ ಮಕ್ಕಳು ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಬರೆದು ಹೋಗುವವರ ಕೈಗೆ ಕೊಟ್ಟಿದ್ದರು. ಅಲ್ಲಿ ಬಾಡಿಗೆ ಮನೆಗೆ ಎಷ್ಟು, ಭಾನುವಾರ ಕೂಲಿಯವರು ಏನು ಮಾಡುತ್ತಾರೆ, ಕಸ ಎಲ್ಲಿಗೆ ಹೋಗುತ್ತದೆ, ಹೀಗೆ. ಹೋದವರು ಉತ್ತರ ಹುಡುಕಿ ತರಲೇಬೇಕಿತ್ತು. ಮರಳಿದ ಮೇಲೆ ಒಂದಿಡೀ ಮಧ್ಯಾಹ್ನ ಆ ಉತ್ತರಗಳಿಗೆ ಮೀಸಲಾಯಿತು, ಅಂದು ನಾವು ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆವು. ನ್ಯೂವಾಟರ್ ಬಗ್ಗೆ ಆ ಹುಡುಗಿ ಮಾತನಾಡಿದಳು. ಅವಳ ಬಳಿ ಇನ್ನೂ ಉತ್ತರ ಸಿಗದ ಎರಡು ಪ್ರಶ್ನೆಗಳಿದ್ದವು. ಅವನ್ನು ತರಗತಿಯವರೆಲ್ಲ ಸೇರಿ ಪತ್ರವಾಗಿ ಬರೆದು ಸಣ್ಣ ನೀರಾವರಿ ಇಲಾಖೆಗೆ ಕಳಿಸಿದ್ದಾರೆ.

ನಮಸ್ಕಾರ.