ನೂರು ವರ್ಷ ತುಂಬದ ಪುರಾತತ್ವ

ಕೇಳುಗರಿಗೆ ನಮಸ್ಕಾರ.

ಪುರಾತತ್ವ ಓದಬೇಕು ಅಂತ ಬರುವ ನಮ್ಮ ಮಲೆನಾಡಿನ ಹುಡುಗ ಹುಡುಗಿಯರ ಬಾಯಲ್ಲಿ ಹೆಚ್ಚಾಗಿ ಬರುವುದು ಬಳ್ಳಿಗಾವಿ, ಕೆಳದಿ, ಹಂಪಿ. ಒಳ್ಳೆಯದೇ. ಆದರೆ ಅಲ್ಲಿ ಈಗಾಗಲೇ ಜನಜಂಗುಳಿ. ನಾನು ಅವರನ್ನು ಕೇಳುತ್ತೇನೆ, 1942ರಲ್ಲಿ ಈಸೂರಿನಲ್ಲಿ ಎದ್ದ ಸ್ವಾತಂತ್ರ್ಯದ ದಂಗೆಯ ಮೇಲೆ ಮಾಡ್ತೀರಾ? 1964ರ ಶರಾವತಿ ಮುಳುಗಡೆಯ ಮೇಲೆ ಮಾಡ್ತೀರಾ? ಮುಖ ಮುಖ ನೋಡಿಕೊಳ್ಳುತ್ತಾರೆ. ಅದು ಇತಿಹಾಸ ಅಲ್ವಾ ಸಾರ್, ಪುರಾತತ್ವ ಹೇಗಾಗುತ್ತೆ ಅನ್ನುತ್ತಾರೆ.

ಆಗುತ್ತೆ. ಅದಕ್ಕೆ ಸಮಕಾಲೀನ ಪುರಾತತ್ವ ಅಂತಲೇ ಹೆಸರಿದೆ. 1973ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ವಿಲಿಯಂ ರಾತ್ಜೆ, ಟೂಸಾನ್ ಊರಿನ ಮನೆಗಳ ಕಸ ತರಿಸಿ ವಿದ್ಯಾರ್ಥಿಗಳ ಕೈಯಲ್ಲಿ ವಿಂಗಡಿಸಿ ಲೆಕ್ಕ ಹಾಕಿಸಿದರು. ಎಷ್ಟು ಬಿಯರ್ ಕುಡಿಯುತ್ತೇವೆ ಅಂತ ಜನ ಹೇಳಿದ್ದಕ್ಕೂ ಕಸದಲ್ಲಿ ಸಿಕ್ಕ ಡಬ್ಬಿಗಳಿಗೂ ತಾಳೆಯೇ ಆಗಲಿಲ್ಲ. ಶಿವಮೊಗ್ಗದಲ್ಲಿ ಮಾಡಿದರೂ ಹಾಗೇ ಆದೀತು, ಆ ಮಾತು ಬಿಡಿ.

ಇದರ ಪಕ್ಕದಲ್ಲೇ ಇನ್ನೊಂದು ಕವಲಿದೆ. ಯುದ್ಧ, ದಂಗೆ, ಚಳವಳಿ, ಒಕ್ಕಲೆಬ್ಬಿಸುವಿಕೆ, ಇವು ನೆಲದ ಮೇಲೆ ಬಿಟ್ಟುಹೋದ ಗುರುತುಗಳನ್ನು ಓದುವುದು. ಅಮೆರಿಕದ ಲಿಟಲ್ ಬಿಗ್‌ಹಾರ್ನ್‌ನಲ್ಲಿ 1876ರಲ್ಲಿ ಕಸ್ಟರ್ ಎಂಬ ಸೇನಾಧಿಕಾರಿಯ ತುಕಡಿಯನ್ನು ಅಲ್ಲಿನ ಮೂಲನಿವಾಸಿಗಳು ಸೋಲಿಸಿದರು. ಕದನ ಹೀಗೀಗೆ ನಡೆಯಿತು ಅಂತ ಗೆದ್ದವರು ಹೇಳಿದ ಮಾತಿಗೆ ನೂರು ವರ್ಷ ಹೆಚ್ಚು ಬೆಲೆ ಸಿಗಲಿಲ್ಲ. 1983ರಲ್ಲಿ ಬೆಂಕಿ ಬಿದ್ದು ಹುಲ್ಲೆಲ್ಲ ಸುಟ್ಟು ನೆಲ ಬರಿದಾಯಿತು. ಮರುವರ್ಷ ಪುರಾತತ್ವಜ್ಞರು ಲೋಹಶೋಧಕ ಹಿಡಿದು ಸಾಲಾಗಿ ನಡೆದರು. ಸಿಕ್ಕ ಒಂದೊಂದು ತೋಟಾ ಕವಚದ ಜಾಗವನ್ನೂ ನಕ್ಷೆಗೆ ಹಾಕಿದರು. ಕವಚದ ತಳದಲ್ಲಿ ಬಂದೂಕಿನ ಸೂಜಿ ಬಡಿದ ಗುರುತು ಇರುತ್ತದಲ್ಲ, ಅದು ಬಂದೂಕಿನಿಂದ ಬಂದೂಕಿಗೆ ಬೇರೆ. ಹಾಗಾಗಿ ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಸರಿಯಿತು ಅನ್ನುವುದೂ ತಿಳಿಯಿತು. ಮೂಲನಿವಾಸಿಗಳು ಹೇಳಿದ್ದರಲ್ಲಿ ಎಷ್ಟೋ ಸಂಗತಿ ನಿಜ ಅಂತ ಕೊನೆಗೆ ತುಕ್ಕು ಹಿಡಿದ ಕವಚಗಳು ಸಾಕ್ಷಿ ಹೇಳಿದವು.

ಈಗ ನಮ್ಮ ಹೊಸನಗರ ತಾಲ್ಲೂಕಿನ ನಗರಕ್ಕೆ ಬನ್ನಿ. ಹಳೆಯ ಬಿದನೂರು. ಹೈದರಾಲಿ 1763ರಲ್ಲಿ ಗೆದ್ದುಕೊಂಡ ಊರು. 2018ರಲ್ಲಿ ಅಲ್ಲಿನ ಒಂದು ಹಾಳುಬಾವಿಯಿಂದ ರಾಜ್ಯ ಪುರಾತತ್ವ ಇಲಾಖೆಯವರು ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್ಟುಗಳನ್ನು ಹೊರತೆಗೆದರು. ಹಾರಿಸದೇ ಉಳಿದವು. ಅವುಗಳ ಗುಟ್ಟು ಇರುವುದು ಕಬ್ಬಿಣದ ಕೊಳವೆಯಲ್ಲಿ. ಕಾಗದ, ಬಿದಿರು ತಾಳದಷ್ಟು ಒತ್ತಡವನ್ನು ಕಬ್ಬಿಣ ತಾಳುತ್ತದೆ, ಅದಕ್ಕೇ ರಾಕೆಟ್ಟು ಜಾಸ್ತಿ ದೂರ ಹೋಗುತ್ತಿತ್ತು. ಈ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು, ಸರಿಯಾಗಿಯೇ ಬಂತು.

ಆದರೆ ಕಾನೂನು ನೋಡಿ. 1958ರ ಕೇಂದ್ರ ಕಾಯ್ದೆ ಪ್ರಕಾರ ಪುರಾತನ ಸ್ಮಾರಕ ಅಥವಾ ಪುರಾತನ ವಸ್ತು ಅನ್ನಿಸಿಕೊಳ್ಳಲು ಕನಿಷ್ಠ ನೂರು ವರ್ಷ ಆಗಿರಬೇಕು. ಟಿಪ್ಪುವಿನ ರಾಕೆಟ್ಟು ಪಾಸ್. ಈಸೂರಿನ ದಂಗೆಗೆ ನೂರು ತುಂಬುವುದು 2042ಕ್ಕೆ, ಕಾಗೋಡು ಸತ್ಯಾಗ್ರಹಕ್ಕೆ 2051ಕ್ಕೆ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿಗೆ 2064ಕ್ಕೆ. ಅಷ್ಟರೊಳಗೆ ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂದಿರುತ್ತದೆ. ಪಾತ್ರೆ ಪಗಡೆ ಗುಜರಿಗೆ ಹೋಗಿರುತ್ತದೆ. ನೂರು ವರ್ಷ ಕಾಯಿರಿ ಅನ್ನುವ ಲೆಕ್ಕ ಕಲ್ಲಿನ ಗುಡಿಗೆ ಸರಿ, ಗೇಣಿದಾರನ ಮನೆಗೆ ಸರಿಯಲ್ಲ ಅಂತ ನನ್ನ ವಾದ.

ಕಾಗೋಡಿನ ಮಾತು ತೆಗೆದುಕೊಳ್ಳಿ. ಸಾಗರ ತಾಲ್ಲೂಕಿನ ಆ ಊರಿನಲ್ಲಿ 1951ರಲ್ಲಿ ಗೇಣಿದಾರರು ಎದ್ದುನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಇದು ಎಲ್ಲ ಪುಸ್ತಕದಲ್ಲೂ ಇದೆ. ಜಗಳದ ಮೂಲದಲ್ಲಿ ಒಂದು ಪಾತ್ರೆ ಇತ್ತು, ಕೊಳಗ. ಗೇಣಿ ಭತ್ತ ಅಳೆದುಕೊಳ್ಳುವ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು ಅನ್ನುವುದು ಒಕ್ಕಲುಗಳ ದೂರು. ಹಳೆಯ ಕೊಳಗ ಕೈಗೆ ಸಿಕ್ಕರೆ ನನ್ನ ವಿದ್ಯಾರ್ಥಿ ಏನು ಮಾಡಬೇಕು? ಮೊದಲು ಅದು ಎಷ್ಟು ಸೇರು ಹಿಡಿಯುತ್ತದೆ ಅಂತ ಭತ್ತ ಸುರಿದೇ ನೋಡಬೇಕು. ಆಮೇಲೆ ಬಾಯಂಚು. ಕೋಲಿನಿಂದ ತಲೆ ಸವರಿ ಅಳೆದಿದ್ದರೆ ಅಂಚು ಸವೆದು ನುಣುಪಾಗಿರುತ್ತದೆ. ರಾಶಿ ಏರಿಸಿ ಅಳೆದಿದ್ದರೆ ಆ ಸವೆತ ಇರುವುದಿಲ್ಲ. ಏರಿಸಿ ಅಳೆದರೆ ಕೊಳಗಕ್ಕೆ ಎಷ್ಟು ಭತ್ತ ಜಾಸ್ತಿ ಹೋಯಿತು ಅಂತ ಗದ್ದೆ ಮಾಡಿದವರಿಗೆ ನಾನು ಹೇಳಬೇಕಾಗಿಲ್ಲ. ತಳದಲ್ಲಿ ಸರ್ಕಾರಿ ಮುದ್ರೆ ಇದೆಯೋ ಇಲ್ಲವೋ ನೋಡಬೇಕು. ಭಾಷಣದಲ್ಲಿ ಸಿಗದ ಸಾಕ್ಷಿ ಇಲ್ಲಿ ಸಿಗುತ್ತದೆ.

ಈ ಕೆಲಸದ ಕಷ್ಟವೂ ಇಲ್ಲೇ. ಒಕ್ಕಲಿನ ಮೊಮ್ಮಗನೂ ಒಡೆಯರ ಮೊಮ್ಮಗನೂ ಇವತ್ತು ಒಂದೇ ಸೊಸೈಟಿಯಲ್ಲಿ ಅಡಿಕೆ ಮಾರುತ್ತಾರೆ. ಈಸೂರಿನಲ್ಲೂ ಹಾಗೇ. ಅಮಲ್ದಾರರು, ಸಬ್ ಇನ್ಸ್‌ಪೆಕ್ಟರು ಇಬ್ಬರೂ ಅಲ್ಲಿ ಹತರಾದರು, 1943ರ ಮಾರ್ಚಿನಲ್ಲಿ ಊರಿನ ಐವರಿಗೆ ನೇಣಾಯಿತು. ಸತ್ತ ಅಧಿಕಾರಿಗಳಿಗೂ ಮನೆಯವರು ಇದ್ದರು. ಹೊಯ್ಸಳರ ಕಾಲದ ವೀರಗಲ್ಲಿನ ಬಗ್ಗೆ ಏನು ಬರೆದರೂ ಯಾರೂ ಎದ್ದುಬಂದು ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ, ಕೇಳಲೂಬೇಕು.

ಶರಾವತಿ ಹಿನ್ನೀರಿನಲ್ಲಂತೂ ಇನ್ನೂ ಸೂಕ್ಷ್ಮ. ಬರದ ಬೇಸಿಗೆಯಲ್ಲಿ ನೀರು ತೀರಾ ಇಳಿದರೆ 1964ರಲ್ಲಿ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ಗಟ್ಟಿಮುಟ್ಟಾಗಿ ಮೇಲೆ ಕಾಣುತ್ತದೆ. ಅದರ ಫೋಟೋ ತೆಗೆಯಲು ಜನ ಸಾಲುಗಟ್ಟುತ್ತಾರೆ. ಕೆಸರಿನಲ್ಲಿ ಕಾಣುವ ಮನೆಯ ಪಂಚಾಂಗದ, ಅಂದರೆ ಅಡಿಪಾಯದ, ಕಲ್ಲುಗಳನ್ನು ಯಾರೂ ನೋಡುವುದಿಲ್ಲ. ಆ ಮನೆಯವರು ಎಲ್ಲಿಗೋ ಹೋಗಿ ಕಾಡಂಚಿನಲ್ಲಿ ನೆಲೆನಿಂತರು, ಎಷ್ಟೋ ಕುಟುಂಬಗಳು ಭೂಮಿಯ ಹಕ್ಕಿಗಾಗಿ ಇನ್ನೂ ಅಲೆಯುತ್ತಿವೆ. ಅಂಥವರ ಅಂಗಳದಲ್ಲಿ ಟೇಪು ಬಿಚ್ಚಿದರೆ ಮೊದಲ ಪ್ರಶ್ನೆ, ನಿಧಿ ಹುಡುಕ್ತೀರಾ? ಎರಡನೆಯದು ನಗುವಂಥದ್ದಲ್ಲ. ನೀವು ಫಾರೆಸ್ಟಿನವರಾ?

ಹಾಗಾಗಿ ನಾನು ಒಂದು ಕಟ್ಟಳೆ ಮಾಡಿಕೊಂಡಿದ್ದೇನೆ. ನಕ್ಷೆ ಬರೆದ ಮೇಲೆ ಅದರ ಮೊದಲ ಪ್ರತಿ ಆ ಕುಟುಂಬಕ್ಕೆ. ಅವರು ಬೇಡ ಅಂದದ್ದು ಪ್ರಬಂಧಕ್ಕೆ ಹೋಗಬಾರದು. ಕೆಲವು ಸಹೋದ್ಯೋಗಿಗಳಿಗೆ ಇದು ವಿಜ್ಞಾನಕ್ಕೆ ವಿರುದ್ಧ ಅನ್ನಿಸುತ್ತದೆ. ಅನ್ನಿಸಲಿ.

ಇನ್ನು ತಂದೆ ತಾಯಿಯರ ಪ್ರಶ್ನೆ, ಇದರಿಂದ ಕೆಲಸ ಸಿಗುತ್ತಾ? ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ, ಧಾರವಾಡದಲ್ಲಿ, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪುರಾತತ್ವ ಕಲಿಯಬಹುದು. ಕಾಲೇಜು ಅಧ್ಯಾಪಕರಾಗಲು ಬರೆಯುವ ಎನ್‌ಇಟಿ ಪರೀಕ್ಷೆಯಲ್ಲೂ ಅದು ಪ್ರತ್ಯೇಕ ವಿಷಯ. ಆದರೆ ಸಮಕಾಲೀನ ಪುರಾತತ್ವಕ್ಕೇ ಅಂತ ಹುದ್ದೆ ಹುಡುಕಿದರೆ ಕಣ್ಣು ನೋವು ಬಂದೀತು. ಇತಿಹಾಸದ ಬಾಗಿಲಿನಿಂದ ಒಳಗೆ ಬಂದು, ಶಾಸನ, ನಾಣ್ಯ ಎಲ್ಲ ಪಾಠ ಮಾಡುತ್ತಾ ಇದನ್ನೂ ಬೆಳೆಸಬೇಕು. ಬ್ರಿಟನ್ನಿನ ಪುರಾತತ್ವಜ್ಞ ಜಾನ್ ಸ್ಕೋಫೀಲ್ಡ್ ಕೂಡ ಸ್ಮಾರಕಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯಲ್ಲಿ ವರ್ಷಗಟ್ಟಲೆ ಸೇನಾ ನೆಲೆಗಳ ಕೆಲಸ ಮಾಡಿ, ಆಮೇಲೆ ಯಾರ್ಕ್ ವಿಶ್ವವಿದ್ಯಾಲಯ ಸೇರಿದವರು. ಲಂಡನ್ನಿನ ಒಂದು ಮನೆಯಲ್ಲಿ ಪಂಕ್ ಎಂಬ ಬಂಡಾಯದ ರಾಕ್ ಸಂಗೀತದ ಗಾಯಕರು ಗೋಡೆ ಮೇಲೆ ಗೀಚಿದ್ದನ್ನು ಅವರು ಸಹಲೇಖಕರೊಡನೆ 2011ರಲ್ಲಿ ಪುರಾತತ್ವ ಪತ್ರಿಕೆಯಲ್ಲೇ ದಾಖಲಿಸಿದರು. ಇದೂ ಪುರಾತತ್ವವಾ ಅಂತ ದೊಡ್ಡ ಚರ್ಚೆಯೇ ಆಯಿತು.

ನಮ್ಮಲ್ಲಿ ಉತ್ಖನನಕ್ಕೆ ಸರ್ಕಾರದ ಅನುಮತಿ ಬೇಕು. ಅಳೆಯಲು, ಚಿತ್ರ ಬರೆಯಲು, ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಲು ಮನೆಯವರು ಹೂಂ ಅಂದರೆ ಸಾಕು. ಗುದ್ದಲಿ ಮುಟ್ಟದೆ ಎರಡು ವರ್ಷದ ಕೆಲಸ ಇದೆ. ಆಸಕ್ತಿ ಇರುವವರು ಮಳೆ ಹಿಡಿಯುವ ಮೊದಲು, ಏಪ್ರಿಲ್ ಮೇ ಹೊತ್ತಿಗೆ ಶುರುಮಾಡಿ. ಜೂನ್ ಬಂತು ಅಂದರೆ ಜಿಗಣೆ, ಜೊತೆಗೆ ಹಿನ್ನೀರೂ ಏರುತ್ತದೆ.

ನಮಸ್ಕಾರ.